ಕಾದುಕೊಂಡಿದ್ದ ಸೇವಕನು: ಬೆಂಗೆಲ್ ಅಯ್ಯನವರ ಚರಿತ್ರೆ

ನಮ್ಮ ಕರ್ತನು ತಿರಿಗಿ ಬರುವನೆಂಬದು ನಮ್ಮ ನಂಬಿಕೆಯ ಮುಖ್ಯಾಂಶಗಳಲ್ಲಿ ಒಂದು. ಆದರೆ ಆತನು ಯಾವಾಗ ಬರುವನೆಂಬ ಪ್ರಶ್ನೆ ಏಳುವಾಗ ಸಭೆಗಳಲ್ಲಿ ಎರಡು ವಿಧವಾದ ತಪ್ಪು ಕಾಣಬರುತ್ತದೆ. ಕೆಲವರು ಇಂಥ ವರುಷ, ಇಂಥ ತಿಂಗಳು ಎಂದು ಹೇಳುವವರಿಗೆ ಕಿವಿಗೊಟ್ಟು, ಕಳವಳಗೊಂಡು, ಹೊಲಗೆಲಸವನ್ನೂ ಮನೆವಾರ್ತೆಯನ್ನೂ ಬಿಟ್ಟುಬಿಡುತ್ತಾರೆ. ಬೇರೆ ಕೆಲವರು ಅಂಥ ದಿನಗಳು ಸುಮ್ಮನೆ ಕಳೆದುಹೋದದ್ದನ್ನು ನೋಡಿ, ಯಜಮಾನನು ತಡಮಾಡುತ್ತಾನೆಂದು ನಿದ್ದೆಹೋಗುತ್ತಾರೆ. ಈ ಎರಡರ ನಡುವೆ ನಾವು ನಡೆಯಬೇಕಾದ ದಾರಿಯನ್ನು, ತಾನೇ ಲೆಕ್ಕ ಹಾಕಿ ತಪ್ಪಿದ ಒಬ್ಬ ದೈವಭಕ್ತರ ಚರಿತ್ರೆಯಿಂದ ಕಲಿಯೋಣ.

ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಎಂಬವರು 1687ನೇ ಇಸವಿ ಜೂನ್ 24ರಲ್ಲಿ ಜರ್ಮನಿಯ ದಕ್ಷಿಣ ಭಾಗದಲ್ಲಿರುವ ವುರ್ಟೆಂಬೆರ್ಗ್ ಸೀಮೆಯ ವಿನ್ನೆಂಡೆನ್ ಎಂಬ ಊರಲ್ಲಿ ಹುಟ್ಟಿದರು. ಅವರ ತಂದೆಯು ಸಭಾಸೇವಕನಾಗಿದ್ದನು. 1693ರಲ್ಲಿ, ಹುಡುಗನಿಗೆ ಇನ್ನೂ ಆರು ವರುಷ ತುಂಬುವ ಸಮಯದಲ್ಲಿ, ತಂದೆಯು ಹರಡಿದ್ದ ರೋಗದಿಂದ ತೀರಿಹೋದನು. ಅದೇ ವರುಷ ಫ್ರೆಂಚ್ ಸೈನ್ಯವು ಆ ಸೀಮೆಗೆ ನುಗ್ಗಿ ಬೆಂಕಿಯಿಟ್ಟಾಗ ತಂದೆಯು ಬಿಟ್ಟುಹೋಗಿದ್ದ ಪುಸ್ತಕಗಳೂ ಸುಟ್ಟುಹೋದವು. ದಿಕ್ಕಿಲ್ಲದ ಹುಡುಗನನ್ನು ಸ್ಪಿಂಡ್ಲರ್ ಎಂಬ ಉಪಾಧ್ಯಾಯನು ತನ್ನ ಮನೆಯಲ್ಲಿಟ್ಟು ಸಾಕಿ ಓದಿಸಿದನು. ಲೋಕದ ವಸ್ತುಗಳು ನಿಲ್ಲತಕ್ಕವುಗಳಲ್ಲವೆಂಬದನ್ನು ಬೆಂಗೆಲರು ಹೀಗೆ ಎಳೆಯ ಪ್ರಾಯದಲ್ಲಿಯೇ ಕಂಡರು.

1703ರಲ್ಲಿ ಅವರು ಟ್ಯೂಬಿಂಗೆನ್ ವಿದ್ಯಾಲಯಕ್ಕೆ ಹೋಗಿ ವೇದಶಾಸ್ತ್ರವನ್ನು ಕಲಿತರು. ಅಲ್ಲಿ ಅವರಿಗೊಂದು ದೊಡ್ಡ ಸಂಕಟವುಂಟಾಯಿತು. ಓಲೆಗರಿಯ ಗ್ರಂಥವನ್ನು ಕೈಯಿಂದ ಕೈಗೆ ನಕಲು ಮಾಡುವಾಗ ಅಕ್ಷರವೋ ಪದವೋ ವ್ಯತ್ಯಾಸವಾಗುವದನ್ನು ನಾವು ಬಲ್ಲೆವಷ್ಟೆ. ಗ್ರೀಕ್ ಹೊಸ ಒಡಂಬಡಿಕೆಯ ಹಳೆಯ ಕೈಬರಹಗಳಲ್ಲಿಯೂ ಹಾಗೆಯೇ ಆಗಿತ್ತು. ಇಂಗ್ಲೆಂಡಿನ ಜಾನ್ ಮಿಲ್ ಎಂಬ ಪಂಡಿತನು 1707ರಲ್ಲಿ ಅಂಥ ಸುಮಾರು 30,000 ವ್ಯತ್ಯಾಸಗಳನ್ನು ಕೂಡಿಸಿ ಅಚ್ಚುಹಾಕಿಸಿದನು. ದೇವರ ವಾಕ್ಯವು ಕೆಟ್ಟುಹೋಯಿತೋ ಎಂದು ಅನೇಕರು ಭಯಪಟ್ಟರು, ಬೆಂಗೆಲರೂ ಕಳವಳಗೊಂಡರು. ಆದರೆ ಅವರು ಕಣ್ಣುಮುಚ್ಚಿಕೊಳ್ಳಲಿಲ್ಲ, ನಂಬಿಕೆಯನ್ನು ಬಿಡಲೂ ಇಲ್ಲ. ಕೈಬರಹಗಳನ್ನು ಒಂದಕ್ಕೊಂದು ಹೋಲಿಸಿ ವರುಷಗಟ್ಟಲೆ ದುಡಿದು, 1734ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಪ್ರಕಟಿಸಿದರು. ಈ ವ್ಯತ್ಯಾಸಗಳಿಂದ ನಮ್ಮ ವಿಶ್ವಾಸದ ಒಂದು ತತ್ವವೂ ಅಲುಗಾಡುವದಿಲ್ಲವೆಂದು ಅವರು ಕಂಡುಕೊಂಡರು. 1742ರಲ್ಲಿ ಹೊರಬಂದ ಅವರ ಗ್ನೋಮೊನ್ ಎಂಬ ವ್ಯಾಖ್ಯಾನದಿಂದ ಇಂಗ್ಲೆಂಡಿನ ಜಾನ್ ವೆಸ್ಲಿಯವರು ತಮ್ಮ ಹೊಸ ಒಡಂಬಡಿಕೆಯ ಟಿಪ್ಪಣಿಗಳಿಗೆ ಬಹಳ ಸಹಾಯ ಹೊಂದಿದರು.

ಇಷ್ಟು ವಿದ್ಯೆಯುಳ್ಳವರು ದೊಡ್ಡ ಪದವಿಯನ್ನು ಹುಡುಕಲಿಲ್ಲ. 1713ರಲ್ಲಿ ಡೆಂಕೆಂಡೋರ್ಫ್ ಎಂಬ ಹಳ್ಳಿಯ ಮಠದ ಪಾಠಶಾಲೆಯಲ್ಲಿ ಉಪಾಧ್ಯಾಯರಾಗಿ, ಸಭಾಸೇವೆಗೆ ಸಿದ್ಧವಾಗುವ ಹುಡುಗರಿಗೆ 28 ವರುಷ ಪಾಠ ಹೇಳಿದರು. 1714ರಲ್ಲಿ ಮದುವೆಯಾದರು. ಹುಟ್ಟಿದ ಹನ್ನೆರಡು ಮಕ್ಕಳಲ್ಲಿ ಆರು ಮಂದಿಯನ್ನು ಶೈಶವದಲ್ಲಿಯೇ ಮಣ್ಣಿಗೆ ಒಪ್ಪಿಸಬೇಕಾಯಿತು. ಆದರೂ ಮರುದಿನ ಪಾಠಶಾಲೆಯ ಹುಡುಗರು ಕಾದಿರುತ್ತಿದ್ದರು, ಗ್ರೀಕ್ ಪುಟಗಳೂ ಕಾದಿರುತ್ತಿದ್ದವು.

ಈಗ ಅವರ ತಪ್ಪಿನ ವಿಷಯವನ್ನು ಹೇಳಬೇಕು. 1724ರಲ್ಲಿ, ಕರ್ತನ ಆಗಮನವನ್ನು ಸ್ಮರಿಸುವ ಆದಿತ್ಯವಾರದ ಪ್ರಸಂಗವನ್ನು ಸಿದ್ಧಪಡಿಸುತ್ತಿರುವಾಗ, ಪ್ರಕಟನೆಯ ಪುಸ್ತಕದಲ್ಲಿರುವ 666 ಎಂಬ ಸಂಖ್ಯೆಯು ವರುಷಗಳ ಲೆಕ್ಕವೆಂದು ಅವರಿಗೆ ತೋಚಿತು. ಅದನ್ನು ಹಿಡಿದು ಎಣಿಸುತ್ತಾ ಹೋಗಿ, 1836ನೇ ಇಸವಿ ಜೂನ್ 18ರಲ್ಲಿ ಮೃಗದ ಅಧಿಕಾರವು ಬಿದ್ದು ಸಾವಿರ ವರುಷಗಳ ಕಾಲವು ಆರಂಭವಾಗುವದೆಂದು ತೀರ್ಮಾನಿಸಿದರು. 1740ರಲ್ಲಿ ಇದನ್ನು ಅಚ್ಚುಹಾಕಿಸಿದರು. ಆ ದಿನವನ್ನೂ ಆ ಗಳಿಗೆಯನ್ನೂ ತಂದೆಯ ಹೊರತು ಯಾರೂ ಅರಿಯರೆಂದು ಕರ್ತನು ಬೋಧಿಸಿದ್ದನ್ನು ಅವರು ಬಲ್ಲವರಾಗಿದ್ದರು. ಆದರೂ ಸಂಖ್ಯೆಗಳ ಮೇಲೆ ಹೆಚ್ಚು ಭರವಸವಿಟ್ಟರು.

ಅದರ ಫಲವನ್ನು ಬಡವರು ಉಂಡರು. ಬೆಂಗೆಲರು ತೀರಿಹೋದ ಮೇಲೆ ಅವರ ಲೆಕ್ಕವು ಆ ಸೀಮೆಯ ಹಳ್ಳಿಗಳಲ್ಲೆಲ್ಲಾ ಹಬ್ಬಿತು. 1816ರಲ್ಲಿ ಬೆಳೆ ಕೆಟ್ಟು ಬರಗಾಲ ಬಂದಾಗ ಅಂತ್ಯಕಾಲವು ಸಮೀಪಿಸಿತೆಂದು ಅನೇಕ ರೈತರು ನೆನಸಿದರು. ಹಸಿವೆಯಿಂದಲೂ ಈ ನಿರೀಕ್ಷೆಯಿಂದಲೂ ನೂಕಲ್ಪಟ್ಟು, 1817ರಲ್ಲಿ ಸಾವಿರಾರು ಮಂದಿ ಹೊಲಮನೆಗಳನ್ನು ಮಾರಿ, ಆಶ್ರಯಸ್ಥಾನವನ್ನು ಹುಡುಕುತ್ತಾ ರಷ್ಯಾದ ದಕ್ಷಿಣ ಸೀಮೆಗಳಿಗೆ ಹೊರಟರು. ದಾರಿಯಲ್ಲಿ ರೋಗ ಬಿದ್ದು ಅನೇಕರು ಸತ್ತರು. ಭಕ್ತನ ತಪ್ಪಾದರೂ ತಪ್ಪು ತಪ್ಪೇ. ಅದನ್ನು ಮುಚ್ಚಿಡುವದು ಸರಿಯಲ್ಲ.

ಆದರೆ ಬೆಂಗೆಲರು ಒಂದು ಮಾತನ್ನು ಮೊದಲೇ ಬರೆದಿಟ್ಟಿದ್ದರು. 1836ನೇ ವರುಷವು ವಿಶೇಷವಾದ ಬದಲಾವಣೆಯಿಲ್ಲದೆ ಕಳೆದುಹೋದರೆ ತನ್ನ ಎಣಿಕೆಯಲ್ಲಿ ದೊಡ್ಡ ತಪ್ಪಿದೆಯೆಂದು ತಿಳಿದು, ಅದು ಎಲ್ಲಿದೆಯೆಂದು ಹುಡುಕಬೇಕೆಂಬದೇ ಅದರ ಭಾವ. ತಪ್ಪು ತನ್ನದಾಗಿರಬಹುದು, ದೇವರ ವಾಕ್ಯದ್ದಲ್ಲ ಎಂದು ಒಪ್ಪುವ ದೀನತೆ ಅವರಲ್ಲಿತ್ತು. ದಿನವನ್ನು ಹೇಳುವವರಲ್ಲಿ ಈ ದೀನತೆಯು ಅಪರೂಪವೇ ಸರಿ.

ಅವರ ಎಚ್ಚರಿಕೆಯು ಆ ಲೆಕ್ಕದ ಮೇಲೆ ನಿಂತದ್ದಲ್ಲ. 1836ರ ತನಕ ತಾನು ಬದುಕುವದಿಲ್ಲವೆಂಬದು ಅವರಿಗೆ ಗೊತ್ತಿತ್ತು. ಆದರೂ ಯಜಮಾನನು ಇಂದೇ ಬಂದರೆ ಕೆಲಸದಲ್ಲಿ ಸಿಕ್ಕತಕ್ಕ ಆಳಿನಂತೆ ದಿನದಿನವೂ ದುಡಿದರು. ಮರಣವನ್ನು ಕುರಿತು ಅವರಿಗಿದ್ದ ಆಶೆಯೂ ಹಾಗೆಯೇ: ಆಡಂಬರದ ಭಕ್ತಿಯನ್ನು ತೋರಿಸಿ ಸಾಯದೆ, ಕೆಲಸದ ನಡುವೆ ಇರುವವನನ್ನು ಯಾರೋ ಬಾಗಿಲಿಗೆ ಕರೆದಂತೆ ಎದ್ದುಹೋಗಬೇಕೆಂದು ಅಪೇಕ್ಷಿಸಿದರು. 1752ನೇ ಇಸವಿ ನವೆಂಬರ್ 2ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಆ ಕರೆ ಬಂತು. ಅವರು ಮಾಡಿದ್ದ ಹೊಸ ಒಡಂಬಡಿಕೆಯ ಜರ್ಮನ್ ಭಾಷಾಂತರವು ಮರುವರುಷ ಅಚ್ಚಾಗಿ ಹೊರಬಂತು.

1836ರ ಜೂನ್ 18 ಬಂತು, ಹೋಯಿತು. ಲೋಕವು ಮುಂಚಿನಂತೆಯೇ ಇತ್ತು. ಆದರೆ ಅದೇ 1836ರಲ್ಲಿ, ಬೆಂಗೆಲರ ಸೀಮೆಯಲ್ಲಿಯೇ ಹುಟ್ಟಿ, ಅವರು ಓದಿದ ಟ್ಯೂಬಿಂಗೆನಿನಲ್ಲಿಯೇ ಓದಿದ ಹೆರ್ಮನ್ ಮೋಗ್ಲಿಂಗ್ ಅಯ್ಯನವರು ಬಾಸೆಲ್ ಮಿಶನಿನ ಸೇವಕರಾಗಿ ಹಡಗು ಹತ್ತಿ ಮಂಗಳೂರಿಗೆ ಬಂದರು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದವರು ಅವರೇ. ಸಾವಿರ ವರುಷಗಳ ಕಾಲದ ಆರಂಭಕ್ಕೆ ಗೊತ್ತುಮಾಡಿದ ವರುಷವು ನಮ್ಮ ನಾಡಿಗೆ ಒಬ್ಬ ಕೆಲಸದವನನ್ನು ತಂದುಕೊಟ್ಟಿತು. ಕರ್ತನು ತಡಮಾಡಿದನೆಂದು ನಾವು ಗುಣುಗುಟ್ಟಬಹುದೋ? ಆತನ ತಾಳ್ಮೆಯಿಂದಲ್ಲವೇ ನಮ್ಮ ಹಿರಿಯರಿಗೆ ಸುವಾರ್ತೆಯನ್ನು ಕೇಳುವ ಸಮಯ ಸಿಕ್ಕಿತು!

ಆದದರಿಂದ, ಪ್ರಿಯರೇ, ಯಾವನಾದರೂ ನಮ್ಮ ಊರಿಗೆ ಬಂದು ದಿನವನ್ನು ಎಣಿಸಿ ಹೇಳಿದರೆ ಬೆಂಗೆಲ್ ಅಯ್ಯನವರನ್ನು ನೆನಸೋಣ. ಅಂಥ ಪಂಡಿತರೇ ತಪ್ಪಿದ ಮೇಲೆ ಇತರರ ಲೆಕ್ಕವನ್ನು ನಂಬಿ ಎತ್ತುಗಳನ್ನು ಮಾರಬೇಡಿರಿ, ಬಿತ್ತನೆಯನ್ನು ನಿಲ್ಲಿಸಬೇಡಿರಿ. ದಿನವು ಕಳೆದುಹೋದರೆ ಪ್ರಾರ್ಥನೆಯನ್ನೂ ನಿಲ್ಲಿಸಬೇಡಿರಿ. ಬಿತ್ತುವವನು ಬಿತ್ತುತ್ತಾ, ಕೂಸಿಗೆ ಹಾಲೂಡಿಸುವ ತಾಯಿಯು ಹಾಲೂಡಿಸುತ್ತಾ, ಸಾಯಂಕಾಲ ಮನೆಯವರೊಡನೆ ವೇದಪುಸ್ತಕವನ್ನು ತೆರೆಯುತ್ತಾ ಕಾದುಕೊಂಡಿರಲಿ. ಬಾಗಿಲಲ್ಲಿ ಆತನ ಕರೆ ಕೇಳಿದಾಗ ಕೈಯಲ್ಲಿದ್ದ ಕೆಲಸವನ್ನು ಕೆಳಗಿಟ್ಟು ಸಂತೋಷದಿಂದ ಎದ್ದುಹೋಗುವ ಕೃಪೆಯನ್ನು ಕರ್ತನು ನಮಗೆಲ್ಲರಿಗೂ ಅನುಗ್ರಹಿಸಲಿ.