ತಾಯಂದಿರ ದೂರು ಕೇಳಿದ ವೈದ್ಯ

ಇಗ್ನಾಝ್ ಸೆಮ್ಮೆಲ್‌ವೈಸ್ 1818ರ ಜುಲೈ 1ರಂದು ಹಂಗೇರಿಯ ಬುಡಾ ಪಟ್ಟಣದಲ್ಲಿ ಜನಿಸಿದರು. ತಂದೆ ದಿನಸಿ ವ್ಯಾಪಾರಿ. ಕಾನೂನು ಓದಲು ವಿಯೆನ್ನಾಕ್ಕೆ ಹೋದ ಅವರು ಮರುವರ್ಷವೇ ವೈದ್ಯಕೀಯಕ್ಕೆ ಬದಲಾದರು. (ನಾನೂ ಒಂದು ವಾರ ವಿಜ್ಞಾನ ತರಗತಿಯಲ್ಲಿ ಕುಳಿತು ಕಾಮರ್ಸ್‌ಗೆ ಬಂದಿದ್ದರಿಂದ ಇದು ಮನಸ್ಸಿನಲ್ಲಿ ಉಳಿಯಿತು.) 1846ರಲ್ಲಿ ವಿಯೆನ್ನಾದ ಜನರಲ್ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯರಾದರು.

ಅಲ್ಲಿ ಎರಡು ವಾರ್ಡುಗಳಿದ್ದವು. ಮೊದಲನೆಯದರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. ಯಾವ ದಿನ ಯಾವ ವಾರ್ಡಿಗೆ ಸೇರಿಸಿಕೊಳ್ಳಬೇಕು ಎಂಬುದು ಸರದಿಯ ಪ್ರಕಾರ ನಡೆಯುತ್ತಿತ್ತು. ಮೊದಲ ವಾರ್ಡು ಎಂದು ಗೊತ್ತಾದರೆ ಬಡ ಗರ್ಭಿಣಿಯರು ಮಂಡಿಯೂರಿ, ಬೇಡ ಎಂದು ಅಳುತ್ತಿದ್ದರು. ಅಲ್ಲಿಗೆ ಹೋದವರು ಬಾಣಂತಿ ಜ್ವರದಿಂದ ಸಾಯುತ್ತಾರೆ ಎಂಬುದು ಊರಿಗೆಲ್ಲ ತಿಳಿದಿತ್ತು.

ನಮ್ಮ ಮನೆಯಲ್ಲಿ ದೂರಿಗೆ ಶಿಕಾಯತ್ ಎನ್ನುತ್ತೇವೆ. ಶಿಕಾಯತ್ ಮಾಡಿದವರಿಗೇ ಬೈಗುಳ ಸಿಗುವುದು ಹೆಚ್ಚು. ಸೆಮ್ಮೆಲ್‌ವೈಸ್ ಹಾಗೆ ಮಾಡದೆ ಆಸ್ಪತ್ರೆಯ ಲೆಕ್ಕದ ಪುಸ್ತಕ ತೆಗೆದರು. ಮೊದಲ ವಾರ್ಡಿನಲ್ಲಿ 100 ತಾಯಂದಿರಿಗೆ ಸುಮಾರು 10 ಮಂದಿ ಸಾಯುತ್ತಿದ್ದರೆ, ಎರಡನೆಯದರಲ್ಲಿ 4ಕ್ಕಿಂತ ಕಡಿಮೆ. ದಾರಿಯಲ್ಲೇ ಹೆತ್ತು ಬಂದವರಿಗೂ ಜ್ವರ ಬರುವುದು ಅಪರೂಪವಾಗಿತ್ತು! ಆ ಹೆಂಗಸರು ಹೇಳಿದ್ದು ಸರಿಯಾಗಿತ್ತು.

ಕಾರಣ ಮಾತ್ರ ತಿಳಿಯಲಿಲ್ಲ. ಜನಸಂದಣಿ ಎನ್ನೋಣವೆಂದರೆ ಎರಡನೆಯ ವಾರ್ಡಿನಲ್ಲೇ ಹೆಚ್ಚು ಜನ. ಹವಾಮಾನ ಎರಡಕ್ಕೂ ಒಂದೇ. ಸಾಯುವವರ ಬಳಿಗೆ ಹೋಗುವ ಪಾದ್ರಿಯ ಗಂಟೆಯ ಸದ್ದಿಗೆ ಹೆದರುತ್ತಾರೇನೋ ಎಂದು ಅದನ್ನೂ ನಿಲ್ಲಿಸಿ ನೋಡಿದರು. ಸಾವು ಕಡಿಮೆಯಾಗಲಿಲ್ಲ.

1847ರ ಮಾರ್ಚ್‌ನಲ್ಲಿ ಅವರ ಗೆಳೆಯ ಪ್ರೊಫೆಸರ್ ಕೊಲೆಚ್ಕ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ ತೀರಿಕೊಂಡರು. ಅವರ ದೇಹದಲ್ಲೂ ಬಾಣಂತಿಯರಲ್ಲಿ ಕಂಡ ಲಕ್ಷಣಗಳೇ ಇದ್ದವು. ವೈದ್ಯರೂ ವಿದ್ಯಾರ್ಥಿಗಳೂ ಶವ ಮುಟ್ಟಿದ ಕೈಯಲ್ಲೇ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸೆಮ್ಮೆಲ್‌ವೈಸರ ಕೈಯೂ ಅದರಲ್ಲಿ ಸೇರಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ. ಇದೇ ನನಗೆ ದೊಡ್ಡದೆನಿಸುತ್ತದೆ.

ಮೇ ತಿಂಗಳಿಂದ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂಬ ನಿಯಮ ತಂದರು. ಏಪ್ರಿಲ್‌ನಲ್ಲಿ ಶೇ. 18ರಷ್ಟಿದ್ದ ಸಾವು ಜೂನ್‌ನಲ್ಲಿ ಶೇ. 2ರ ಆಸುಪಾಸಿಗೆ ಇಳಿಯಿತು.

ಆದರೆ ಈಗ ದೂರು ಹೇಳುವವರು ಅವರೇ ಆದರು. ವೈದ್ಯರ ಕೈಯಿಂದಲೇ ರೋಗ ಬಂತೆಂದು ಒಪ್ಪಲು ಅನೇಕ ಹಿರಿಯರು ಸಿದ್ಧರಿರಲಿಲ್ಲ. 1849ರಲ್ಲಿ ಅವರ ಹುದ್ದೆ ಮುಂದುವರಿಯಲಿಲ್ಲ. ಪೆಸ್ಟ್ ನಗರಕ್ಕೆ ಮರಳಿ, ಅಲ್ಲಿನ ಸೇಂಟ್ ರೋಕಸ್ ಆಸ್ಪತ್ರೆಯಲ್ಲೂ ಸಾವನ್ನು ತಗ್ಗಿಸಿದರು. ಅವರ ಕಡೆಯಿಂದಲೂ ತಪ್ಪಾಯಿತು ಎಂದು ನನ್ನ ಅಭಿಪ್ರಾಯ. ಪುಸ್ತಕ ಬರೆದದ್ದು 1861ರಲ್ಲಿ, ಬಹಳ ತಡವಾಗಿ. ಒಪ್ಪದವರನ್ನು ಕೊಲೆಗಾರರೆಂದು ಕರೆದು ಬಹಿರಂಗ ಪತ್ರಗಳನ್ನು ಬರೆದರು. ಲೆಕ್ಕ ಸರಿಯಿದ್ದರೂ ಆ ಮಾತಿನಿಂದ ಇನ್ನಷ್ಟು ಜನ ಕಿವಿ ಮುಚ್ಚಿಕೊಂಡರು.

1865ರಲ್ಲಿ ಅವರನ್ನು ವಿಯೆನ್ನಾದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಲಾಯಿತು. ಎರಡು ವಾರಗಳಲ್ಲಿ, ಆಗಸ್ಟ್ 13ರಂದು, ಗಾಯದ ನಂಜೇರಿ ತೀರಿಕೊಂಡರು. ಆಗ ಅವರಿಗೆ 47 ವರ್ಷ.