ನಿಲ್ಲದೆ ನಡೆದ ವಿಲಿಯಂ ಕೇರಿ ಸಾಹೇಬರು

ನಮ್ಮ ಹಳ್ಳಿಯ ಸಭೆಗಳಲ್ಲಿ ಸುಗ್ಗಿಯ ಹಬ್ಬದ ಉತ್ಸಾಹವು ಹುಲ್ಲಿನ ಬೆಂಕಿಯಂತೆ ಎದ್ದು, ಉಳುಮೆಯ ಕಾಲ ಬರುವಷ್ಟರೊಳಗೆ ಬೂದಿಯಾಗುವದನ್ನು ನಾವು ಪ್ರತಿ ವರುಷವೂ ನೋಡುತ್ತೇವೆ. ಹಬ್ಬದಲ್ಲಿ ಒಂದು ಚೀಲ ಭತ್ತವನ್ನು ಹೊತ್ತು ತಂದವನು ಮಳೆಗಾಲದ ಪ್ರಾರ್ಥನೆಗೆ ಒಂದು ದಿನವೂ ಬರುವದಿಲ್ಲ. ಅಂಥವರಿಗೂ ನಮಗೂ ಪ್ರಯೋಜನಕರವಾದ ಒಬ್ಬ ದೇವಭಕ್ತರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ವಿಲಿಯಂ ಕೇರಿಯವರು 1761ನೆಯ ಇಸವಿ ಆಗಸ್ಟ್ 17ರಂದು ಇಂಗ್ಲೆಂಡು ದೇಶದ ಪಾಲರ್ಸ್‌ಪ್ಯೂರಿ ಎಂಬ ಗ್ರಾಮದಲ್ಲಿ ಹುಟ್ಟಿದರು. ತಂದೆಯು ನೇಕಾರನಾಗಿದ್ದು ಆಮೇಲೆ ಊರಿನ ಶಾಲೆಯ ಉಪಾಧ್ಯಾಯನಾದನು. ಬಿಸಿಲಿಗೆ ಮೈಮೇಲೆ ಬೇನೆ ಏಳುತ್ತಿದ್ದದರಿಂದ ಬಾಲಕನು ಹೊಲದ ಕೆಲಸಕ್ಕೆ ಆಗದೆ, ಸುಮಾರು ಹದಿನಾಲ್ಕನೆಯ ವಯಸ್ಸಿನಲ್ಲಿ ಮೆಟ್ಟು ಹೊಲಿಯುವವನೊಬ್ಬನ ಬಳಿ ಕೆಲಸ ಕಲಿಯಲು ಸೇರಿದನು. ತೊಗಲಿನ ಕೆಲಸ ಮಾಡುವವರನ್ನು ನಮ್ಮ ದೇಶವು ಹೇಗೆ ಕಂಡಿತೆಂಬದನ್ನು ನಮ್ಮ ವಾಚಕರಿಗೆ ನಾವು ತಿಳಿಸಬೇಕಾದದ್ದಿಲ್ಲ. ಕೇರಿಯವರು ಅದಕ್ಕಾಗಿ ಎಂದೂ ನಾಚಲಿಲ್ಲ. ಬಹುಕಾಲದ ಮೇಲೆ ಗವರ್ನರ್ ಜನರಲರ ಭೋಜನಕ್ಕೆ ಹೋಗಿದ್ದಾಗ ಒಬ್ಬ ಅಧಿಕಾರಿಯು, ಈತನು ಮೊದಲು ಮೆಟ್ಟು ಮಾಡುವವನಲ್ಲವೋ ಎಂದು ಅವರ ಕಿವಿಗೆ ಬೀಳುವಂತೆ ಕೇಳಿದನಂತೆ. ಕೇರಿಯವರು ಸಿಟ್ಟಾಗದೆ, ತಾನು ಹೊಸದನ್ನು ಮಾಡುವವನೂ ಅಲ್ಲ, ಹಳೆಯದನ್ನು ದುರಸ್ತು ಮಾಡುವವನಷ್ಟೇ ಎಂದು ತಿದ್ದಿದರಂತೆ.

ಹೊಲಿಯುವ ಮಣೆಯ ಪಕ್ಕದಲ್ಲಿ ಪುಸ್ತಕವನ್ನಿಟ್ಟುಕೊಂಡು ಅವರು ದಿನಕ್ಕೆ ಸ್ವಲ್ಪಸ್ವಲ್ಪವಾಗಿ ಲತೀನ್, ಗ್ರೀಕ್, ಇಬ್ರಿಯ ಭಾಷೆಗಳನ್ನು ಕಲಿತರು. ಸಭೆಯ ಬೋಧಕರಾದ ಮೇಲೂ ಬಡತನದ ನಿಮಿತ್ತ ಶಾಲೆ ನಡಿಸುತ್ತಾ ಮೆಟ್ಟು ಹೊಲಿಯುತ್ತಾ ಇದ್ದರು. 1792ನೆಯ ಅಕ್ಟೋಬರ್ 2ರಂದು ಕೆಟರಿಂಗ್ ಊರಿನಲ್ಲಿ ಮಿಶನ್ ಸಂಘವು ಹುಟ್ಟಿದಾಗ ಕೂಡಿದ ಕಾಣಿಕೆಯು ಹದಿಮೂರು ಪೌಂಡುಗಳಿಗೆ ತುಸು ಹೆಚ್ಚು ಮಾತ್ರ. ಮಾರನೆಯ ವರುಷದ ನವೆಂಬರಿನಲ್ಲಿ ಕೇರಿಯವರು ಕುಟುಂಬ ಸಹಿತವಾಗಿ ಬಂಗಾಳಕ್ಕೆ ಬಂದು ಮುಟ್ಟಿದರು.

ಇಲ್ಲಿ ಒಂದು ದುಃಖದ ಸಂಗತಿಯನ್ನು ಮರೆಮಾಡುವದು ನ್ಯಾಯವಲ್ಲ. ಅವರ ಹೆಂಡತಿಯಾದ ಡಾರತಿಯಮ್ಮನವರಿಗೆ ಈ ಪ್ರಯಾಣವು ಮನಸ್ಸಿಲ್ಲದ್ದಾಗಿತ್ತು. ತಂಗಿಯು ಜತೆಗೆ ಬರಲು ಒಪ್ಪಿದ ಮೇಲೆಯೇ ಹೊರಟರು. 1794ರಲ್ಲಿ ಐದು ವರುಷದ ಮಗನಾದ ಪೀಟರನು ಆಮಶಂಕೆಯಿಂದ ಸತ್ತನು. ಆ ತಾಯಿಯ ಬುದ್ಧಿಯು ಕೆಟ್ಟು, 1807ರಲ್ಲಿ ಆಕೆ ತೀರಿಕೊಳ್ಳುವ ತನಕ ಸರಿಯಾಗಲಿಲ್ಲ. ಕೇರಿಯವರು ಆಕೆಯನ್ನು ಬಿಡದೆ ಮನೆಯಲ್ಲಿಯೇ ಇಟ್ಟು ಸಾಕಿದರೆಂಬದು ನಿಜ. ಆದರೂ ತನ್ನ ಹೆಗಲು ಹೊರಬಲ್ಲ ಭಾರವನ್ನು ಹೆಂಡತಿಯ ಹೆಗಲೂ ಹೊರುವದೋ ಎಂದು ಅವರು ಸಾಕಷ್ಟು ತೂಗಿ ನೋಡಲಿಲ್ಲವೆಂದು ನಮಗೆ ತೋರುತ್ತದೆ.

ಮುದ್ನಾಬಾಟಿ ಎಂಬಲ್ಲಿ ನೀಲಿಯ ಕಾರ್ಖಾನೆಯನ್ನು ನೋಡಿಕೊಳ್ಳುತ್ತಾ ಅವರು ಹೊಟ್ಟೆಹೊರೆದರು. ಹಗಲು ಲೆಕ್ಕ, ಕೂಲಿಯಾಳುಗಳು. ಉಳಿದ ಹೊತ್ತು ಬಂಗಾಳಿ, ಸಂಸ್ಕೃತ, ವೇದದ ಭಾಷಾಂತರ, ಸುತ್ತಲಿನ ಹಳ್ಳಿಗಳಲ್ಲಿ ಸುವಾರ್ತೆ. ಏಳು ವರುಷ ಹೀಗೆ ದುಡಿದರೂ ಒಬ್ಬ ಬಂಗಾಳಿಯೂ ದೀಕ್ಷಾಸ್ನಾನಕ್ಕೆ ಬರಲಿಲ್ಲ. ಬಿತ್ತಿದ ಹೊಲವು ಒಂದು ವರುಷ ಕೈಕೊಟ್ಟರೆ ನಾವು ಊರು ಬಿಡುವ ಮಾತಾಡುತ್ತೇವಲ್ಲವೇ! ಕಡೆಗೆ 1800ನೆಯ ದಶಂಬರ್ 28ರಂದು ಕೃಷ್ಣಪಾಲನೆಂಬ ಬಡಗಿಯು ಶ್ರೀರಾಮಪುರದಲ್ಲಿ ಹೂಗ್ಲಿ ನದಿಗೆ ಇಳಿದು ಸ್ನಾನ ಹೊಂದಿದನು.

ಆ ವೇಳೆಗೆ ಕೇರಿಯವರು ಮಾರ್ಷ್‌ಮನ್, ವಾರ್ಡ್ ಎಂಬವರ ಸಂಗಡ ಶ್ರೀರಾಮಪುರದಲ್ಲಿ ಒಂದೇ ಮೇಜಿನಲ್ಲಿ ಉಣ್ಣುತ್ತಾ ಒಂದೇ ಹಣದ ಚೀಲವುಳ್ಳವರಾಗಿ ಬಾಳುತ್ತಿದ್ದರು. 1801ರಿಂದ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕಲಿಸುವದಕ್ಕೆ ತಿಂಗಳಿಗೆ ಐನೂರು ರೂಪಾಯಿ, ಮುಂದೆ ಸಾವಿರ ರೂಪಾಯಿ ಸಂಬಳ ಅವರಿಗೆ ದೊರಕಿತು. ಆ ಕಾಲಕ್ಕೆ ಅದು ದೊರೆತನದ ಹಣವೇ. ಅವರು ಮನೆಯ ಖರ್ಚಿಗೂ ಕಾಲೇಜಿಗೆ ತಕ್ಕ ಬಟ್ಟೆಗೂ ಸ್ವಲ್ಪವನ್ನು ಇಟ್ಟುಕೊಂಡು ಮಿಕ್ಕದ್ದೆಲ್ಲವನ್ನೂ ಮಿಶನಿಗೆ ಕೊಟ್ಟರು. ಹರಕು ಬಟ್ಟೆಯಲ್ಲಿ ಹೋಗಿ ಭಕ್ತಿಯನ್ನು ತೋರಿಸಿಕೊಳ್ಳಲಿಲ್ಲ. ಬೆಲೆಯುಳ್ಳದ್ದನ್ನು ಉಟ್ಟು ಮೆರೆಯಲೂ ಇಲ್ಲ. ಸಂಜೆ ತೋಟದಲ್ಲಿ ಗಿಡಗಳ ನಡುವೆ ತಿರುಗುವದೊಂದೇ ಅವರ ಸುಖವಾಗಿತ್ತು.

1812ನೆಯ ಮಾರ್ಚ್ 11ರ ಸಾಯಂಕಾಲ ಶ್ರೀರಾಮಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ವಾರ್ಡ್ ಸಾಹೇಬರು ಬಾಗಿಲು ಕಿಟಕಿಗಳನ್ನು ಮುಚ್ಚಿಸಿ ಮಾಡಿನಿಂದ ನೀರು ಹೊಯ್ಯಿಸಿದರು. ಯಾರೋ ತಿಳಿಯದೆ ಕಿಟಕಿಯನ್ನು ತೆರೆಯಲು ಗಾಳಿ ನುಗ್ಗಿ ಉರಿಯು ಎದ್ದಿತು. ಕಾಗದವೂ ಅನೇಕ ಭಾಷೆಗಳ ಅಚ್ಚಿನ ಮೊಳೆಗಳೂ ಕೈಬರಹಗಳೂ ನಾಶವಾದವು. ತೆಲುಗು ವ್ಯಾಕರಣವೂ ಸಂಸ್ಕೃತದೊಂದಿಗೆ ಇತರ ಭಾಷೆಗಳನ್ನು ಸೇರಿಸಿದ ದೊಡ್ಡ ಶಬ್ದಕೋಶವೂ ಹೋದವು. ನಮ್ಮ ಕನ್ನಡದ ಹೊಸ ಒಡಂಬಡಿಕೆಯ ಬರಹವೂ ಅದರಲ್ಲಿ ಸುಟ್ಟುಹೋಯಿತು. ಮರುದಿನ ಮಾರ್ಷ್‌ಮನ್‌ರವರು ಕಲ್ಕತ್ತೆಗೆ ಹೋಗಿ ಕೇರಿಯವರಿಗೆ ಇದನ್ನು ತಿಳಿಸಿದರು. ಅವರು ಊರಿಗೆ ಬಂದು, ಹೊಗೆಯಾಡುತ್ತಿದ್ದ ಬೂದಿಯ ನಡುವೆ ನಡೆದು ಅತ್ತರು. ಮುದ್ರಣಯಂತ್ರಗಳು ಪಕ್ಕದ ಕೋಣೆಯಲ್ಲಿ ಉಳಿದಿದ್ದವು. ಅಕ್ಷರಗಳ ಉಕ್ಕಿನ ಪಡಿಯಚ್ಚುಗಳು ಬೂದಿಯಲ್ಲಿ ದೊರೆತವು. ಕರಗಿದ ಸೀಸವನ್ನು ಒಟ್ಟುಮಾಡಿ ಹೊಸ ಮೊಳೆಗಳನ್ನು ಎರೆಯತೊಡಗಿದರು. ಕೇರಿಯವರು ಮುಂಜಾನೆ ಎದ್ದು, ಸುಟ್ಟ ಪುಟಗಳನ್ನು ಮೊದಲಿನಿಂದ ಬರೆಯಲು ಕೂತರು. ಒಂದು ಸಾರಿ ನಡೆದ ದಾರಿಯು ಎರಡನೆಯ ಸಾರಿ ಸುಲಭವೆಂದು ಎಣಿಸಿದರು. ತೆಲುಗು ವ್ಯಾಕರಣವು 1814ರಲ್ಲಿಯೂ ಅವರು ರಚಿಸಿದ ಕನ್ನಡ ವ್ಯಾಕರಣವು 1817ರಲ್ಲಿಯೂ ಅಚ್ಚಾದವು.

ಮುಪ್ಪಿನಲ್ಲಿ ಅವರು ತಮ್ಮನ ಮಗನಾದ ಯೂಸ್ಟೆಸನಿಗೆ, ತನ್ನ ಜೀವನವನ್ನು ಯಾರಾದರೂ ಬರೆದರೆ ತಾನು ಮೆಲ್ಲನೆ ಬಿಡದೆ ನಡೆಯಬಲ್ಲವನೆಂದು ಮಾತ್ರ ಬರೆಯಲಿ ಎಂಬರ್ಥದಲ್ಲಿ ಹೇಳಿದರು. ಬಂಗಾಳಿ ಬೈಬಲನ್ನು ತಿದ್ದುವ ಕೆಲಸವನ್ನು ಅವರು ಕಡೆಯ ವರುಷಗಳ ತನಕ ಬಿಡಲಿಲ್ಲ. ನಡೆಯಲು ಶಕ್ತಿ ತಪ್ಪಿದಾಗ ಕುರ್ಚಿಯಲ್ಲಿ ಕೂರಿಸಿ ತೋಟಕ್ಕೆ ಕೊಂಡುಹೋಗುತ್ತಿದ್ದರು. 1834ನೆಯ ಜೂನ್ 9ರಂದು ಮುಂಜಾನೆ ಅವರು ಶ್ರೀರಾಮಪುರದಲ್ಲಿ ಕರ್ತನಲ್ಲಿ ನಿದ್ರೆಹೋದರು.