ಇರ್ವಿಂಗ್ ಲ್ಯಾಂಗ್‌ಮ್ಯೂರ್ (1881–1957)

ಅಮೆರಿಕದ ಖ್ಯಾತ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅವರು ಮೇಲ್ಮೈ ರಸಾಯನಶಾಸ್ತ್ರದ ಸಂಶೋಧನೆಗಾಗಿ 1932ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರರಾದವರು. ವಿದ್ಯುತ್ ದೀಪ ಹಾಗೂ ನಿರ್ವಾತ ಕೊಳವೆಗಳಿಗಾಗಿ ಅವರು ಕೈಗೊಂಡ ಅಧ್ಯಯನವು ಬಾಹ್ಯಾಕಾಶ ನೌಕೆಗಳ ಅಯಾನು ಎಂಜಿನ್‌ಗಳ ವಿನ್ಯಾಸಕ್ಕೂ ಆಧಾರವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಲ್ಯಾಂಗ್‌ಮ್ಯೂರ್ ಅವರು 1881ರ ಜನವರಿ 31ರಂದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಜನಿಸಿದರು. ಕೊಲಂಬಿಯಾದಲ್ಲಿ ಲೋಹಶಾಸ್ತ್ರದ ಎಂಜಿನಿಯರಿಂಗ್ ಪದವಿಯನ್ನೂ (1903), ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪದವಿಯನ್ನೂ (1906) ಪಡೆದರು. ಕೆಲಕಾಲ ಅಧ್ಯಾಪಕರಾಗಿದ್ದು, 1909ರಲ್ಲಿ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಸಂಶೋಧನಾಲಯವನ್ನು ಸೇರಿ, 1950ರವರೆಗೆ ಸೇವೆ ಸಲ್ಲಿಸಿದರು.

ವಿದ್ಯುದಗ್ರಗಳ ಅಧ್ಯಯನ

ದೀಪದ ಬುರುಡೆ ಒಳಗೆ ಕಪ್ಪಾಗುವುದೇಕೆ ಎಂಬುದು ಅವರ ಮೊದಲ ಪ್ರಶ್ನೆಗಳಲ್ಲಿ ಒಂದು. ಟಂಗ್‌ಸ್ಟನ್ ತಂತಿ ಆವಿಯಾಗುವುದೇ ಇದಕ್ಕೆ ಕಾರಣವೆಂದು ತೋರಿಸಿ, ಅನಿಲ ತುಂಬಿದ ದೀಪವನ್ನು ರೂಪಿಸಿದರು.

ಕಾದ ತಂತಿಯಿಂದ ವಿದ್ಯುತ್ ಹರಿಯಲು ಕೊಳವೆಯಲ್ಲಿ ಉಳಿದ ಅನಿಲವೇ ಕಾರಣವೆಂದೂ, ಪೂರ್ಣ ನಿರ್ವಾತದಲ್ಲಿ ಅದು ನಿಲ್ಲುವುದೆಂದೂ ಆಗ ಹಲವರು ನಂಬಿದ್ದರು. ಈ ನಂಬಿಕೆ ತಪ್ಪೆಂದು ಲ್ಯಾಂಗ್‌ಮ್ಯೂರ್ 1913ರಲ್ಲಿ ಸಾಧಿಸಿದರು. ತಂತಿಯಿಂದ ಹೊರಬಿದ್ದ ಎಲೆಕ್ಟ್ರಾನುಗಳು ವಿದ್ಯುದಗ್ರಗಳ ನಡುವೆ ನೆರೆದು, ಹಿಂದಿನಿಂದ ಬರುವವನ್ನು ತಡೆಯುತ್ತವೆ. ಪ್ರವಾಹಕ್ಕೆ ಮಿತಿ ಒದಗುವುದು ಇದರಿಂದಲೇ. ವೋಲ್ಟೇಜ್ 4 ಪಟ್ಟಾದರೆ ಈ ಮಿತಿ 8 ಪಟ್ಟಾಗುತ್ತದೆ. ವಿದ್ಯುದಗ್ರಗಳ ಅಂತರ ಅರ್ಧವಾದರೆ 4 ಪಟ್ಟಾಗುತ್ತದೆ. ಅಯಾನುಗಳ ವಿಷಯದಲ್ಲಿ ಇದನ್ನೇ ಸಿ.ಡಿ. ಚೈಲ್ಡ್ ಅವರು 1911ರಲ್ಲಿ ಕಂಡುಕೊಂಡಿದ್ದರಿಂದ, ಇದಕ್ಕೆ ಚೈಲ್ಡ್–ಲ್ಯಾಂಗ್‌ಮ್ಯೂರ್ ನಿಯಮವೆಂದು ಹೆಸರಾಯಿತು.

1920ರ ದಶಕದಲ್ಲಿ ಅವರು ಅನಿಲಗಳಲ್ಲಿನ ವಿದ್ಯುತ್ ವಿಸರ್ಜನೆಯನ್ನು ಅಭ್ಯಸಿಸಿದರು. ಅಯಾನು ಮತ್ತು ಎಲೆಕ್ಟ್ರಾನುಗಳು ಸಮತೋಲದಲ್ಲಿರುವ ಅನಿಲಕ್ಕೆ 1928ರಲ್ಲಿ ‘ಪ್ಲಾಸ್ಮಾ’ ಎಂಬ ಹೆಸರಿತ್ತರು. ಪ್ಲಾಸ್ಮಾದೊಳಗಿನ ವಿದ್ಯುದಗ್ರದ ಸುತ್ತ ತೆಳುವಾದ ಆವೇಶದ ಪೊರೆ ಏರ್ಪಡುವುದನ್ನು ವಿವರಿಸಿದರು. ಪ್ಲಾಸ್ಮಾವನ್ನು ಅಳೆಯಲು ಅವರು ಬಳಕೆಗೆ ತಂದ ಪುಟ್ಟ ವಿದ್ಯುದಗ್ರವು ‘ಲ್ಯಾಂಗ್‌ಮ್ಯೂರ್ ಶೋಧಕ’ವೆಂದು ಪ್ರಸಿದ್ಧವಾಗಿದೆ.

ಅಯಾನು ಎಂಜಿನ್‌ನಲ್ಲಿ ಈ ನಿಯಮ

ಗ್ರಿಡ್ ಬಳಸುವ ಅಯಾನು ಎಂಜಿನ್‌ನಲ್ಲಿ ಪ್ಲಾಸ್ಮಾದ ಮುಂದೆ ರಂಧ್ರಗಳುಳ್ಳ ಎರಡು ಗ್ರಿಡ್‌ಗಳನ್ನು ಬಹು ಸಮೀಪದಲ್ಲಿ ಇರಿಸಲಾಗುತ್ತದೆ. ಅಯಾನುಗಳು ಎಲೆಕ್ಟ್ರಾನುಗಳಿಗಿಂತ ಬಹಳ ಭಾರವಾದ್ದರಿಂದ ಅವುಗಳ ಪ್ರವಾಹದ ಮಿತಿ ಅತ್ಯಲ್ಪ. ಆದಕಾರಣ ಗ್ರಿಡ್‌ಗಳ ಅಂತರ ಹೆಚ್ಚಿದರೆ ನೂಕುಬಲ ಕುಗ್ಗುತ್ತದೆ. ಅತಿಯಾಗಿ ಕಿರಿದಾದರೆ ವಿದ್ಯುತ್ ಕಿಡಿ ಹಾರುತ್ತದೆ. ರಂಧ್ರದ ಬಳಿ ಪ್ಲಾಸ್ಮಾದ ಅಂಚು ಬಾಗಿ ಮಸೂರದಂತೆ ವರ್ತಿಸುತ್ತದೆ. ಈ ಬಾಗು ಸರಿಯಾಗಿದ್ದಾಗ ಅಯಾನುಗಳು ಎರಡನೆಯ ಗ್ರಿಡ್‌ನ ರಂಧ್ರದಿಂದ ನೇರವಾಗಿ ಹೊರಹೋಗುತ್ತವೆ. ತಪ್ಪಿದರೆ ಆ ಗ್ರಿಡ್‌ಗೆ ಬಡಿದು ಅದನ್ನು ಸವೆಸುತ್ತವೆ. ಎಂಜಿನ್‌ನ ಬಾಳಿಕೆ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಕಾದ ಟಂಗ್‌ಸ್ಟನ್‌ಗೆ ತಾಗಿದ ಸೀಸಿಯಂ ಪರಮಾಣುಗಳು ಅಯಾನುಗಳಾಗುವುದನ್ನು ಲ್ಯಾಂಗ್‌ಮ್ಯೂರ್ ಅವರು ಸಹೋದ್ಯೋಗಿ ಕಿಂಗ್‌ಡನ್ ಅವರೊಡನೆ ಕಂಡುಹಿಡಿದಿದ್ದರು. ಆರಂಭದ ಕೆಲವು ಅಯಾನು ಎಂಜಿನ್‌ಗಳು ಈ ತತ್ತ್ವವನ್ನೇ ಅನುಸರಿಸಿದವು.

ನಿಧನ

ಲ್ಯಾಂಗ್‌ಮ್ಯೂರ್ ಅವರು 1957ರ ಆಗಸ್ಟ್ 16ರಂದು ಮ್ಯಾಸಚೂಸೆಟ್ಸ್‌ನ ವುಡ್ಸ್ ಹೋಲ್‌ನಲ್ಲಿ ನಿಧನ ಹೊಂದಿದರು. ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಕಕ್ಷೆ ಸೇರಿದ್ದು ಅದೇ ವರ್ಷದ ಅಕ್ಟೋಬರ್ 4ರಂದು. 1964ರಲ್ಲಿ ಸರ್ಟ್-1 ನೌಕೆಯ ಪಾದರಸದ ಅಯಾನು ಎಂಜಿನ್ ಬಾಹ್ಯಾಕಾಶದಲ್ಲಿ ಸುಮಾರು ಅರ್ಧ ಗಂಟೆ ಚಲಿಸಿತು. 2007ರಲ್ಲಿ ಹೊರಟ ಡಾನ್ ನೌಕೆಯು ಕ್ಸೆನಾನ್ ಅಯಾನು ಎಂಜಿನ್‌ಗಳ ಬಲದಿಂದ 2011ರಲ್ಲಿ ವೆಸ್ಟಾವನ್ನೂ, 2015ರಲ್ಲಿ ಸೀರೀಸನ್ನೂ ತಲುಪಿತು. ದೀಪದ ತಂತಿಯನ್ನು ಕುರಿತ ಕುತೂಹಲದಿಂದ ಹುಟ್ಟಿದ ನಿಯಮವು, ಅದನ್ನು ರೂಪಿಸಿದವರು ಕಾಣದ ದೂರಕ್ಕೆ ನೌಕೆಗಳನ್ನು ಕೊಂಡೊಯ್ದಿರುವುದು ಗಮನಾರ್ಹವಾಗಿದೆ.